ಕಡಲ ತೆರೆಯೂ ಬೆಳಕಿನ ಸಾಕ್ಷ್ಯವೂ

ಛಾಯಾಚಿತ್ರವು ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ ನಮ್ಮ ಮನಸ್ಸಿನಲ್ಲಿ ಬಹಳ ಗಟ್ಟಿಯಾಗಿ ನೆಲೆಸಿದೆ. ಚಿತ್ರಗಾರನು ಕುಂಚ ಹಿಡಿದು ಬರೆದದ್ದರಲ್ಲಿ ಅವನ ಕಲ್ಪನೆ ಸೇರಿರಬಹುದು. ಕವಿಯ ವರ್ಣನೆಯಲ್ಲಿ ಅತಿಶಯೋಕ್ತಿ ಇದ್ದೇ ಇರುತ್ತದೆ. ಆಸ್ಥಾನದ ಚರಿತ್ರೆಕಾರನು ದೊರೆಯ ಮುಖವನ್ನು ನೋಡಿಕೊಂಡೇ ಬರೆದಿರಬಹುದು. ಕ್ಯಾಮರಾಕ್ಕೆ ಇಂತಹ ದಾಕ್ಷಿಣ್ಯವೊಂದೂ ಇಲ್ಲವಷ್ಟೆ. ಎದುರಿಗಿದ್ದುದನ್ನು ಇದ್ದ ಹಾಗೆಯೇ ಅದು ಬರೆದುಕೊಳ್ಳುತ್ತದೆಯೆಂದು ನಾವು ತಿಳಿದಿದ್ದೇವೆ. ನ್ಯಾಯಸ್ಥಾನಗಳೂ ವೃತ್ತಪತ್ರಿಕೆಗಳೂ ಚರಿತ್ರೆಯ ಗ್ರಂಥಗಳೂ ಈ ನಂಬಿಕೆಯ ಮೇಲೆಯೇ ಛಾಯಾಚಿತ್ರಗಳಿಗೆ ಒಂದು ಗೌರವದ ಸ್ಥಾನವನ್ನು ಕೊಟ್ಟಿವೆ.

ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕಾದರೆ, ಛಾಯಾಚಿತ್ರಕಾರನಿಗೆ ಅತ್ಯಂತ ಕಷ್ಟವಾದ ವಸ್ತು ಯಾವುದೋ ಅದನ್ನು ಅವನು ಹೇಗೆ ಹಿಡಿದನೆಂಬುದನ್ನು ವಿಚಾರಿಸಬೇಕು. ಅಂತಹ ವಸ್ತುಗಳಲ್ಲಿ ಗಾಳಿಗೆ ಸಿಕ್ಕಿ ಕೆರಳಿದ ಕಡಲಿಗೆ ಮೊದಲ ಸ್ಥಾನ. ಕಲ್ಲು ಕದಲದೆ ನಿಲ್ಲುತ್ತದೆ. ಮನುಷ್ಯನನ್ನು ಬೇಡಿಕೊಂಡು ಕ್ಷಣಕಾಲ ನಿಲ್ಲಿಸಬಹುದು. ತೆರೆಯು ಯಾರ ಮಾತಿಗೂ ನಿಲ್ಲುವುದಿಲ್ಲ. ಅದರ ಮೇಲಿರುವ ಮೋಡವೂ ನಿಲ್ಲುವುದಿಲ್ಲ. ಇವೆರಡನ್ನೂ ಒಂದೇ ಕಾಗದದ ಮೇಲೆ ನಿಲ್ಲಿಸಿದ ಕಥೆಯು ಕುತೂಹಲಕರವಾದುದು; ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಅದರಲ್ಲಿ ಒಂದು ಪಾಠವೂ ಇದೆ.

ಛಾಯಾಚಿತ್ರ ವಿದ್ಯೆಯ ಶೈಶವದಲ್ಲಿ ಕಡಲಿನ ಪ್ರಸ್ತಾಪವೇ ಇರಲಿಲ್ಲ. ಫ್ರಾನ್ಸು ದೇಶದ ನಿಯೆಪ್ಸ್ ಎಂಬಾತನು 1826ರಲ್ಲೋ 1827ರಲ್ಲೋ ತನ್ನ ಮನೆಯ ಕಿಟಕಿಯಿಂದ ಕಾಣುತ್ತಿದ್ದ ಛಾವಣಿಗಳನ್ನು ಲೋಹದ ತಗಡಿನ ಮೇಲೆ ಮೂಡಿಸಿದಾಗ, ಅದಕ್ಕೆ ಅನೇಕ ಗಂಟೆಗಳ ಕಾಲ ಬೆಳಕು ಬೀಳಬೇಕಾಯಿತು. 1839ನೆಯ ಜನವರಿಯಲ್ಲಿ ಪ್ಯಾರಿಸ್ಸಿನ ವಿಜ್ಞಾನ ಸಂಸ್ಥೆಯ ಮುಂದೆ ಪ್ರಕಟವಾದ ಡಾಗೇರನ ವಿಧಾನವು ಈ ಕಾಲವನ್ನು ನಿಮಿಷಗಳಿಗೆ ಇಳಿಸಿತು. ಆದರೂ ಆತನು ಅದಕ್ಕೆ ಹಿಂದಿನ ವರ್ಷ ತೆಗೆದ ಪ್ಯಾರಿಸ್ಸಿನ ಬೀದಿಯ ಚಿತ್ರವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಗಾಡಿ ಕುದುರೆಗಳೂ ಜನರೂ ತುಂಬಿ ಹರಿಯುತ್ತಿದ್ದ ಹೆದ್ದಾರಿಯು ಆ ಚಿತ್ರದಲ್ಲಿ ಬರಿದಾಗಿದೆ. ಬೂಟಿಗೆ ಬಣ್ಣ ಹಾಕಿಸಿಕೊಳ್ಳಲು ಒಂದು ಮೂಲೆಯಲ್ಲಿ ಕಾಲಿಟ್ಟು ನಿಂತಿದ್ದ ಒಬ್ಬಾತನ ಆಕಾರ ಮಾತ್ರ ಸ್ಪಷ್ಟವಾಗಿ ಉಳಿದಿದೆ. ನಡೆದು ಹೋದವರೆಲ್ಲರೂ ಮಾಯವಾದರು, ನಿಂತವನು ಉಳಿದನು. ಬೆಳಕಿನ ಸಾಕ್ಷಿಯು ಚಲಿಸುವುದನ್ನು ಕಾಣಲಾರದೆಂಬುದು ಹೀಗೆ ಆರಂಭದಲ್ಲಿಯೇ ತಿಳಿದುಬಂದಿತು.

ಬೀದಿಯ ಪಾಡೇ ಹೀಗಾದರೆ ಕಡಲಿನ ಪಾಡೇನು? ನೂರಾರು ತೆರೆಗಳು ಒಂದರ ಮೇಲೊಂದು ಬಿದ್ದು, ತಗಡಿನ ಮೇಲೆ ಮಂಜಿನಂತಹ ಮಸುಕು ಮಾತ್ರ ಉಳಿಯುತ್ತಿತ್ತು. 1840ರ ದಶಕದಲ್ಲಿ ಹಿಲ್ ಮತ್ತು ಆಡಮ್ಸನ್ ಎಂಬ ಸ್ಕಾಟ್ಲೆಂಡಿನ ಜೊತೆಗಾರರು ಎಡಿನ್‌ಬರೋ ಸಮೀಪದ ನ್ಯೂಹೇವನ್ ಎಂಬ ಬೆಸ್ತರ ಹಳ್ಳಿಯಲ್ಲಿ ಬಹು ಸೊಗಸಾದ ಚಿತ್ರಗಳನ್ನು ತೆಗೆದರು. ಬೆಸ್ತರು, ಅವರ ಹೆಂಗಸರು, ಮೀನಿನ ಬುಟ್ಟಿಗಳು, ದಡಕ್ಕೆ ಎಳೆದ ದೋಣಿಗಳು ಎಲ್ಲವೂ ಅಲ್ಲಿವೆ. ಆ ಜನರ ಅನ್ನಕ್ಕೂ ಮರಣಕ್ಕೂ ಕಾರಣವಾದ ಕೆರಳಿದ ಕಡಲು ಮಾತ್ರ ಅವುಗಳಲ್ಲಿಲ್ಲ.

ಈ ಸ್ಥಿತಿಯನ್ನು ಬದಲಾಯಿಸಿದುದು ಗಾಜು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಇಂಗ್ಲೆಂಡಿನ ಶಿಲ್ಪಿಯು ಕೊಲೋಡಿಯನ್ ಎಂಬ ಅಂಟಿನ ವಿಧಾನವನ್ನು ಪ್ರಕಟಿಸಿದನು. ಸಿಡಿಮದ್ದಾಗಿಯೂ ಬಳಕೆಯಲ್ಲಿದ್ದ ಒಂದು ಬಗೆಯ ಹತ್ತಿಯನ್ನು ಈಥರ್ ಮತ್ತು ಮದ್ಯಸಾರಗಳಲ್ಲಿ ಕರಗಿಸಿದರೆ ಈ ಅಂಟು ದೊರೆಯುತ್ತದೆ. ಅದಕ್ಕೆ ಅಯೊಡೈಡ್ ಲವಣಗಳನ್ನು ಬೆರೆಸಿ, ತೊಳೆದ ಗಾಜಿನ ಮೇಲೆ ಸುರಿದು, ಗಾಜನ್ನು ನಾಲ್ಕು ಮೂಲೆಗೂ ಓಲಿಸಿ, ಎಲ್ಲೆಡೆಯೂ ಸಮನಾಗಿ ಹರಡಬೇಕು. ಅನಂತರ ಕತ್ತಲೆಯ ಡೇರೆಯಲ್ಲಿ ಆ ಗಾಜನ್ನು ಸಿಲ್ವರ್ ನೈಟ್ರೇಟ್ ದ್ರವದಲ್ಲಿ ಅದ್ದಬೇಕು. ಅದು ಒದ್ದೆಯಾಗಿರುವಾಗಲೇ ಕ್ಯಾಮರಾಕ್ಕೆ ಇಟ್ಟು, ಬೆಳಕು ಬಿಟ್ಟು, ಮತ್ತೆ ಡೇರೆಗೆ ಓಡಿ, ರಸಾಯನವನ್ನು ಸುರಿದು ಚಿತ್ರವನ್ನು ಹೊರಪಡಿಸಬೇಕು. ಕೆಲವು ನಿಮಿಷಗಳು ಮೀರಿ ಗಾಜು ಒಣಗಿತೋ, ಪಟ್ಟ ಶ್ರಮವೆಲ್ಲವೂ ವ್ಯರ್ಥ. ಹೀಗೆ ದೊರೆಯುವುದು ಬೆಳಕು ಕಪ್ಪಾಗಿಯೂ ನೆರಳು ತಿಳಿಯಾಗಿಯೂ ಕಾಣುವ ತಲೆಕೆಳಗಾದ ಪಡಿಯಚ್ಚು, ಅಂದರೆ ನೆಗೆಟಿವ್. ಇದನ್ನು ಮೊಟ್ಟೆಯ ಬಿಳಿಯ ಲೋಳೆಯನ್ನು ಸವರಿ ಸಿದ್ಧಪಡಿಸಿದ ಕಾಗದಕ್ಕೆ ಒತ್ತಿ ಬಿಸಿಲಿನಲ್ಲಿ ಇಟ್ಟರೆ ನಿಜವಾದ ಚಿತ್ರವು ಮೂಡುತ್ತದೆ.

ಗಾಳಿ ಬೀಸುವ ಕಡಲ ದಡದಲ್ಲಿ ಈ ಕೆಲಸವನ್ನು ಮಾಡುವುದೆಂದರೆ ಏನೆಂಬುದನ್ನು ಕೇಳುವವರು ಊಹಿಸಿಕೊಳ್ಳಬಹುದು. ಡೇರೆಯು ಹಾರಿಹೋಗದಂತೆ ಕಟ್ಟಬೇಕು. ಒದ್ದೆಯ ಗಾಜಿನ ಮೇಲೆ ಮರಳಿನ ಕಣವೊಂದು ಕೂಡ ಬೀಳಬಾರದು. ಉಪ್ಪುನೀರಿನ ತುಂತುರು ಬಡಿಯಬಾರದು. ಮೂರು ಕಾಲಿನ ಪೀಠದ ಮೇಲೆ ನಿಲ್ಲಿಸಿದ ದೊಡ್ಡ ಪೆಟ್ಟಿಗೆಯು ಗಾಳಿಗೆ ಅಲುಗಬಾರದು. ಇಷ್ಟೆಲ್ಲ ಕಷ್ಟವಿದ್ದರೂ ಕೊಲೋಡಿಯನ್ನಿನಲ್ಲಿ ಒಂದು ದೊಡ್ಡ ಗುಣವಿತ್ತು. ಹಿಂದಿನ ಕಾಗದದ ನೆಗೆಟಿವ್‌ಗಿಂತ ಅದು ಬಹು ಚುರುಕಾಗಿ ಬೆಳಕನ್ನು ಗ್ರಹಿಸುತ್ತಿತ್ತು. ಗಾಜಾದುದರಿಂದ ಗೆರೆಗಳು ಸೂಕ್ಷ್ಮವಾಗಿ ಮೂಡುತ್ತಿದ್ದವು. ಆರ್ಚರನು ತನ್ನ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆಯದೆ ಲೋಕಕ್ಕೆ ಬಿಟ್ಟುಕೊಟ್ಟು, 1857ರಲ್ಲಿ ಬಡತನದಲ್ಲಿ ತೀರಿಕೊಂಡನು.

ಈ ಹೊಸ ಸಾಧನದಿಂದ ತೆರೆಯನ್ನು ಹಿಡಿದ ಮೊದಲಿಗರಲ್ಲಿ ಜಾನ್ ಡಿಲ್ವಿನ್ ಲ್ಯುವೆಲಿನ್ ಎಂಬಾತನು ಮುಖ್ಯನು. ಈತನು ವೇಲ್ಸ್ ಪ್ರಾಂತದ ಜಮೀನುದಾರ. ಕಾಗದದ ನೆಗೆಟಿವನ್ನು ಕಂಡುಹಿಡಿದ ಟಾಲ್ಬಟನ ಬಂಧು. ಕ್ಯಾಸ್ವೆಲ್ ಕೊಲ್ಲಿಯ ದಡಕ್ಕೆ ಬಂದು ಮುರಿಯುವ ತೆರೆಗಳನ್ನು ಈತನು ಚಿತ್ರಿಸಿದನು. ‘ಚಲನೆ’ ಎಂಬ ಹೆಸರಿನಲ್ಲಿ ಈತನ ನಾಲ್ಕು ಚಿತ್ರಗಳು 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿದ್ದು, ಬೆಳ್ಳಿಯ ಪದಕದ ಗೌರವವನ್ನು ಪಡೆದುವು. ಚಲಿಸುವುದನ್ನು ಕಾಣಲಾರೆನೆಂದಿದ್ದ ಸಾಕ್ಷಿಗೆ ಈಗ ಕಣ್ಣು ಬಂದಿತೆಂದು ಜನರು ಸಂತೋಷಪಟ್ಟಿದ್ದರೆ ಅದು ಸಹಜವೇ.

ಆದರೆ ಆ ಕಣ್ಣಿಗೆ ಇನ್ನೊಂದು ಕುರುಡು ಉಳಿದಿತ್ತು. ಕೊಲೋಡಿಯನ್ ಫಲಕವು ನೀಲಿ ಮತ್ತು ನೇರಿಳೆಯ ಬೆಳಕಿಗೆ ಅತಿಯಾಗಿ ಓಗೊಡುತ್ತಿತ್ತು; ಹಳದಿಗೆ ಬಹಳ ಕಡಮೆ; ಕೆಂಪು ಅದಕ್ಕೆ ಇದ್ದೂ ಇಲ್ಲದಂತೆ. ಆದುದರಿಂದ ನೆಲವೂ ನೀರೂ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ, ಅಷ್ಟರಲ್ಲಿ ಆಕಾಶವು ಮಿತಿಮೀರಿದ ಬೆಳಕಿನಿಂದ ತುಂಬಿಹೋಗಿ, ಕಾಗದದ ಮೇಲೆ ಬರಿಯ ಬಿಳಿಯ ಹಾಳೆಯಾಗಿ ಉಳಿಯುತ್ತಿತ್ತು. ಆಕಾಶದ ಮೋಡಗಳು ಮೂಡಲೆಂದು ಬೇಗನೆ ಮುಚ್ಚಿದರೆ ನೆಲವು ಕಾಡಿಗೆಯಾಗುತ್ತಿತ್ತು. ಆ ಕಾಲದ ನೂರಾರು ಛಾಯಾಚಿತ್ರಗಳಲ್ಲಿ ಆಕಾಶವು ಬೋಳಾಗಿರುವುದಕ್ಕೆ ಇದೇ ಕಾರಣ. ಸಾಧಾರಣವಾದ ಕಟ್ಟಡದ ಚಿತ್ರದಲ್ಲಿ ಈ ಕೊರತೆಯನ್ನು ಹೇಗೋ ಸಹಿಸಿಕೊಳ್ಳಬಹುದು. ಬಿರುಗಾಳಿಯ ಕಡಲಿನಲ್ಲಿ ಅದು ಸಾಧ್ಯವಿಲ್ಲ. ಗಾಳಿಮಳೆಯೆಂದರೆ ಅರ್ಧ ನೀರಿನಲ್ಲಿ, ಅರ್ಧ ಮುಗಿಲಿನಲ್ಲಿ ನಡೆಯುವ ವ್ಯಾಪಾರ. ಮೋಡವಿಲ್ಲದ ಬಿಳಿಯ ಬಾನಿನ ಕೆಳಗೆ ಕೆರಳಿದ ತೆರೆಯನ್ನು ತೋರಿಸಿದರೆ, ಕೋಪದ ಮಾತನ್ನು ಕೇಳಿಸಿ ಮುಖವನ್ನು ಮರೆಮಾಡಿದಂತಾಗುತ್ತದೆ.

ಈ ತೊಡಕನ್ನು ಬಿಡಿಸಿ ಯೂರೋಪನ್ನು ಬೆರಗುಗೊಳಿಸಿದವನು ಗುಸ್ತಾವ್ ಲ ಗ್ರೇ. ಈತನು 1820ರಲ್ಲಿ ಪ್ಯಾರಿಸ್ಸಿನ ಹತ್ತಿರದ ಒಂದು ಊರಿನಲ್ಲಿ ಹುಟ್ಟಿದನು. ಪೋಲ್ ದೆಲರೋಶ್ ಎಂಬ ಪ್ರಸಿದ್ಧ ಚಿತ್ರಗಾರನ ಶಿಷ್ಯನಾಗಿ ವರ್ಣಚಿತ್ರವನ್ನು ಕಲಿತನು. ಆಮೇಲೆ ಬೆಳಕಿನ ವಿದ್ಯೆಗೆ ಒಲಿದನು. ನೆಗೆಟಿವ್ ಕಾಗದಕ್ಕೆ ಮೊದಲೇ ಮೇಣವನ್ನು ಊಡಿಸುವ ಒಂದು ಉತ್ತಮ ವಿಧಾನವನ್ನು ಬಳಕೆಗೆ ತಂದವನು ಈತನೇ. ಫ್ರೆಂಚ್ ಸರ್ಕಾರವು 1851ರಲ್ಲಿ ದೇಶದ ಪ್ರಾಚೀನ ಕಟ್ಟಡಗಳನ್ನು ಚಿತ್ರಿಸಲು ನೇಮಿಸಿದ ಐವರಲ್ಲಿ ಈತನೂ ಒಬ್ಬನು. ಮುಂದೆ ಹೆಸರುವಾಸಿಯಾದ ಅನೇಕ ಛಾಯಾಚಿತ್ರಕಾರರು ಈತನ ಬಳಿ ಪಾಠ ಕಲಿತರು. ಚಿತ್ರಗಾರನ ಕಣ್ಣು, ರಸಾಯನಜ್ಞನ ಕೈ ಎರಡೂ ಒಬ್ಬನಲ್ಲಿಯೇ ಕೂಡಿದ್ದುವು.

1856ರಲ್ಲಿ ಲ ಗ್ರೇ ನಾರ್ಮಂಡಿಯ ಕಡಲಿನಲ್ಲಿ ಹಾಯಿಹಡಗೊಂದನ್ನು ಚಿತ್ರಿಸಿದನು. ಅದರಲ್ಲಿ ಮೋಡಗಳ ನಡುವಿನಿಂದ ಇಳಿದ ಬೆಳಕು ನೀರಿನ ಮೇಲೆ ಹೊಳೆಯುತ್ತಿದೆ. ಬೆಳದಿಂಗಳಿನ ಚಿತ್ರವೆಂದೇ ಜನರು ಅದನ್ನು ಕೊಂಡಾಡಿದರು. ಅದು ಚಂದ್ರನಲ್ಲ, ಮೋಡದ ಹಿಂದಿನ ಸೂರ್ಯ. ಸೂರ್ಯನಿಗೆ ಎದುರಾಗಿ ಕ್ಯಾಮರಾವನ್ನು ನಿಲ್ಲಿಸಿದುದರಿಂದ ನೀರು ಕನ್ನಡಿಯಂತೆ ಬೆಳಕನ್ನು ಹಿಂದಿರುಗಿಸಿತು; ಆದಕಾರಣ ಅತ್ಯಲ್ಪ ಕಾಲದಲ್ಲಿಯೇ ಕಡಲೂ ಆಕಾಶವೂ ಒಂದೇ ಗಾಜಿನ ಮೇಲೆ ಮೂಡಿದುವು; ಹಡಗು ಕಪ್ಪು ನೆರಳಾಗಿ ನಿಂತಿತು. ಲಂಡನ್ನಿನ ಪ್ರದರ್ಶನದಲ್ಲಿ ಈ ಚಿತ್ರಕ್ಕೆ ದೊರೆತ ಪ್ರಶಂಸೆ ಅಪಾರ.

ಆದರೆ ಇಂತಹ ಅದೃಷ್ಟವು ಎಲ್ಲಾ ಹೊತ್ತಿನಲ್ಲಿಯೂ ಒದಗುವುದಿಲ್ಲ. ಮೋಡ ಕವಿದು ಗಾಳಿ ಎದ್ದಾಗ ಬೆಳಕು ಕುಂದುತ್ತದೆ. ತೆರೆಯ ವೇಗ ಹೆಚ್ಚುತ್ತದೆ. ಮುಂದಿನ ವರ್ಷ, ಅಂದರೆ 1857ರಲ್ಲಿ, ಮೆಡಿಟರೇನಿಯನ್ ಸಮುದ್ರದ ಮೇಲಿನ ಸೆತ್ ಎಂಬ ರೇವುಪಟ್ಟಣಕ್ಕೆ ಲ ಗ್ರೇ ಹೋದಾಗ ಇನ್ನೊಂದು ಉಪಾಯವನ್ನು ಹೂಡಿದನು. ನೀರಿಗೆ ತಕ್ಕ ಕಾಲವನ್ನು ಕೊಟ್ಟು ಒಂದು ಗಾಜಿನಲ್ಲಿ ಕಡಲನ್ನು ಹಿಡಿದನು. ಮೋಡಕ್ಕೆ ತಕ್ಕ ಕಾಲವನ್ನು ಕೊಟ್ಟು ಇನ್ನೊಂದು ಗಾಜಿನಲ್ಲಿ ಆಕಾಶವನ್ನು ಹಿಡಿದನು. ಮುದ್ರಿಸುವಾಗ ಕಾಗದದ ಮೇಲ್ಭಾಗವನ್ನು ಮುಚ್ಚಿ ಕಡಲನ್ನೂ, ಕೆಳಭಾಗವನ್ನು ಮುಚ್ಚಿ ಆಕಾಶವನ್ನೂ, ಒಂದೇ ಹಾಳೆಗೆ ಇಳಿಸಿದನು. ಎರಡು ಗಾಜುಗಳ ಹೊಲಿಗೆಯು ಬಾನಂಚಿನ ಗೆರೆಯಲ್ಲಿ ಅಡಗಿಹೋಯಿತು.

ಈ ಉಪಾಯವು ಕಡಲಿನಲ್ಲಿ ವಿಶೇಷವಾಗಿ ಫಲಿಸಿದುದಕ್ಕೆ ಕಾರಣವಿದೆ. ನೆಲದ ದೃಶ್ಯದಲ್ಲಿ ಮರಗಳೂ ಗೋಪುರಗಳೂ ಬೆಟ್ಟಗಳೂ ಆಕಾಶದೊಳಕ್ಕೆ ಚಾಚಿಕೊಂಡಿರುತ್ತವೆ. ಎಲೆ ಎಲೆಯ ಸುತ್ತಲೂ ಕತ್ತರಿಸಿ ಮರೆ ಹಿಡಿಯುವುದು ಯಾರಿಂದಲೂ ಆಗದ ಕೆಲಸ. ಕಡಲಾದರೋ ಆಕಾಶವನ್ನು ನೆಟ್ಟನೆಯ ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ಜೋಡಿಸುವವನಿಗೆ ಬೇಕಾದ ಅಂಚನ್ನು ಪ್ರಕೃತಿಯೇ ಗೆರೆ ಹೊಡೆದು ಕೊಟ್ಟಂತಿದೆ.

‘ಮಹಾ ತರಂಗ’ವೆಂದು ಹೆಸರಾದ ಸೆತ್‌ನ ಚಿತ್ರವು ಹೀಗೆ ಹುಟ್ಟಿತು. ಕಲ್ಲುಬಂಡೆಗಳ ಮೇಲೆ ತೆರೆಯು ಬಂದು ಒಡೆಯುತ್ತಿದೆ. ನೊರೆಯ ಅಂಚು ಹರಿದ ಬಟ್ಟೆಯಂತೆ ಸೀಳಿ ನಿಂತಿದೆ. ದೂರದಲ್ಲಿ ರೇವನ್ನು ಕಾಯುವ ಕಲ್ಲುಕಟ್ಟೆಯ ಸಾಲು ಕಪ್ಪಾಗಿ ಕಾಣುತ್ತದೆ. ಇವೆಲ್ಲಕ್ಕೂ ಮೇಲೆ ಭಾರವಾದ ಮೋಡಗಳು ಚಿತ್ರದ ಬಹುಭಾಗವನ್ನು ಆವರಿಸಿವೆ. ಚಿತ್ರದ ಅಗಲ ಸುಮಾರು 40 ಸೆಂಟಿಮೀಟರು. ಆ ಕಾಲದಲ್ಲಿ ಚಿತ್ರವನ್ನು ದೊಡ್ಡದು ಮಾಡಿ ಮುದ್ರಿಸುವ ರೂಢಿ ಇರಲಿಲ್ಲವಾದ್ದರಿಂದ ಗಾಜಿನ ಅಳತೆಯೂ ಅಷ್ಟೇ ಇರಬೇಕಾಗಿತ್ತು. ಅಷ್ಟು ದೊಡ್ಡ ಒದ್ದೆಗಾಜನ್ನು ಗಾಳಿಯಲ್ಲಿ ನಿಭಾಯಿಸಿದ ಕೈಯನ್ನು ಮೆಚ್ಚಲೇಬೇಕು. ಇದನ್ನು ಕಪ್ಪು ಬಿಳುಪಿನ ಚಿತ್ರವೆಂದು ನಾವು ಕರೆಯುವುದು ರೂಢಿಯ ಮಾತು. ಮೊಟ್ಟೆಯ ಲೋಳೆಯ ಕಾಗದಕ್ಕೆ ಚಿನ್ನದ ಲವಣದ ಸಂಸ್ಕಾರವನ್ನು ಕೊಡುತ್ತಿದ್ದುದರಿಂದ ಆ ಮುದ್ರಣಗಳಲ್ಲಿ ಕಂದು ನೇರಿಳೆಯ ಛಾಯೆಗಳಿವೆ. ಬಿರುಗಾಳಿಯು ತಾನೇ ಕಡಲಿನ ಬಣ್ಣಗಳನ್ನು ತೊಳೆದುಹಾಕಿ ಬೂದಿ, ಸೀಸ, ನೊರೆ ಇಷ್ಟನ್ನೇ ಉಳಿಸುವುದರಿಂದ, ಬಣ್ಣವಿಲ್ಲದ ವಿದ್ಯೆಯು ಆ ವಸ್ತುವಿಗೆ ಚೆನ್ನಾಗಿ ಹೊಂದಿಕೊಂಡಿತು.

ಇನ್ನು ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಈ ಚಿತ್ರವು ನಿಜವೇ?

ಕಡಲು ನಿಜ, ಅದು ಗಾಜಿನ ಮುಂದೆ ಇತ್ತು. ಮೋಡವೂ ನಿಜ, ಅದೂ ಗಾಜಿನ ಮುಂದೆ ಇತ್ತು. ಆದರೆ ಇವೆರಡೂ ಒಂದೇ ಗಳಿಗೆಯಲ್ಲಿ ಒಂದರ ಮೇಲೊಂದು ಇದ್ದುವೆಂಬುದಕ್ಕೆ ಈ ಹಾಳೆಯು ಪ್ರಮಾಣವಾಗಲಾರದು. ಲ ಗ್ರೇಯ ಕಡಲಚಿತ್ರಗಳಲ್ಲಿ ಕೆಲವಕ್ಕೆ ಆಕಾಶವನ್ನು ಬೇರೆಯ ಹೊತ್ತಿನಲ್ಲಿ, ಬೇರೆಯ ಸ್ಥಳದಲ್ಲಿ ತೆಗೆದುದುಂಟು. ಒಂದೇ ಮೋಡದ ಗುಂಪು ಬೇರೆ ಬೇರೆ ಕಡಲುಗಳ ಮೇಲೆ ಮತ್ತೆ ಕಾಣಿಸಿಕೊಳ್ಳುವುದರಿಂದ ಇದು ಸ್ಪಷ್ಟವಾಗಿದೆ.

ಇದೇ ಕಾಲದಲ್ಲಿ ನಾರ್ಮಂಡಿಯ ತೀರದಲ್ಲಿ ಯೂಜೀನ್ ಬೂದಾನ್ ಎಂಬ ಚಿತ್ರಗಾರನು ಬಣ್ಣದ ಕಡ್ಡಿಗಳನ್ನು ಹಿಡಿದು ಆಕಾಶವನ್ನೂ ಮೋಡವನ್ನೂ ಬರೆಯುತ್ತಿದ್ದನು. ಆ ಹಾಳೆಗಳ ಅಂಚಿನಲ್ಲಿ ಆತನು ತಿಂಗಳು ದಿನ, ಹೊತ್ತು, ಬೀಸುತ್ತಿದ್ದ ಗಾಳಿ ಇವುಗಳನ್ನು ಗುರುತು ಹಾಕುತ್ತಿದ್ದನು. 1859ರ ಕಲಾಪ್ರದರ್ಶನವನ್ನು ಕುರಿತ ಲೇಖನದಲ್ಲಿ ಬೋದ್ಲೇರ್ ಎಂಬ ಕವಿಯು ಈ ಗುರುತುಗಳನ್ನು ಎತ್ತಿ ಹೇಳಿ ಬೂದಾನನನ್ನು ಮೆಚ್ಚಿಕೊಂಡಿದ್ದಾನೆ. ಅದೇ ಲೇಖನದಲ್ಲಿ ಛಾಯಾಚಿತ್ರವು ವಿಜ್ಞಾನಕ್ಕೂ ಕಲೆಗೂ ಆಳಾಗಿರತಕ್ಕದ್ದೇ ಹೊರತು ಕಲೆಯ ಪೀಠವನ್ನು ಏರಬಾರದೆಂದು ಗದರಿಸಿಯೂ ಇದ್ದಾನೆ. ಇಲ್ಲಿರುವ ವಿನೋದವನ್ನು ಗಮನಿಸಬೇಕು. ಕಲ್ಪನೆಗೆ ಅಧಿಕಾರವುಳ್ಳ ಚಿತ್ರಗಾರನ ಆಕಾಶಕ್ಕೆ ದಿನ ಗಳಿಗೆಗಳ ದಾಖಲೆಯಿದೆ. ಯಂತ್ರದ ಆಳೆಂದು ಬೈಸಿಕೊಂಡವನ ಆಕಾಶಕ್ಕೆ ಊರೂ ಇಲ್ಲ, ಹೊತ್ತೂ ಇಲ್ಲ.

ಹಾಗಾದರೆ ಲ ಗ್ರೇ ವಂಚಕನೆ? ಹಾಗೆ ತೀರ್ಮಾನಿಸುವುದಕ್ಕೆ ಮೊದಲು ಎದುರು ಪಕ್ಷವನ್ನೂ ಕೇಳಬೇಕು. ಒಂದೇ ಗಾಜಿನಿಂದ ಮುದ್ರಿಸಿದ, ಯಾರ ಕೈಯೂ ಸೋಂಕದ ಚಿತ್ರದಲ್ಲಿ ಆಕಾಶವು ಬರಿಯ ಬಿಳಿಯಾಗಿರುತ್ತಿತ್ತು. ದಡದಲ್ಲಿ ನಿಂತವರ ಮೇಲೆ ಬಿಳಿಯ ಆಕಾಶವಿತ್ತೆ? ಇಲ್ಲ. ಮೋಡವಿತ್ತು, ಗಾಜು ಅದನ್ನು ಕಾಣಲಿಲ್ಲ. ಕುರುಡ ಸಾಕ್ಷಿಯು ತಾನು ಕಾಣದ್ದನ್ನು ಇಲ್ಲವೆಂದು ಹೇಳಿದರೆ ಅದೂ ಒಂದು ಬಗೆಯ ಅಸತ್ಯವೇ. ಲ ಗ್ರೇ ಮಾಡಿದುದು ಆ ಕುರುಡಿನ ತಿದ್ದುಪಡಿ. ಮನುಷ್ಯನ ಕಣ್ಣಾದರೂ ಏನು ಮಾಡುತ್ತದೆ? ಒಮ್ಮೆ ನೊರೆಯನ್ನು ನೋಡುತ್ತದೆ, ಮರುಕ್ಷಣ ಮುಗಿಲನ್ನು ನೋಡುತ್ತದೆ. ಪ್ರತಿಯೊಂದಕ್ಕೂ ತನ್ನ ಪಾಪೆಯನ್ನು ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ. ಎರಡನ್ನೂ ಮನಸ್ಸಿನಲ್ಲಿ ಕೂಡಿಸಿ ಒಂದೇ ನೋಟವೆಂದು ನಂಬುತ್ತದೆ. ಎರಡು ಗಾಜಿನ ಉಪಾಯವು ಕಣ್ಣಿನ ಈ ಸ್ವಭಾವಕ್ಕೆ ಸಮೀಪವಾದುದೇ.

ಈ ಎರಡು ವಾದಗಳೂ ಗಟ್ಟಿಯಾದುವು. ಅಂದಿನ ಕಾಲವೂ ಇವುಗಳ ನಡುವೆ ತೂಗಾಡಿತು. ‘ಮಹಾ ತರಂಗ’ದ ವರ್ಷವೇ, ಎಂದರೆ 1857ರಲ್ಲಿ, ಇಂಗ್ಲೆಂಡಿನಲ್ಲಿ ನೆಲಸಿದ್ದ ರೈಲಾಂಡರ್ ಎಂಬಾತನು ಸುಮಾರು ಮೂವತ್ತು ನೆಗೆಟಿವ್‌ಗಳನ್ನು ಕೂಡಿಸಿ, ಮನುಷ್ಯ ಜೀವನದ ಎರಡು ದಾರಿಗಳನ್ನು ತೋರಿಸುವ ಒಂದು ದೊಡ್ಡ ನೀತಿಚಿತ್ರವನ್ನು ರಚಿಸಿ, ವಾದವಿವಾದಗಳಿಗೆ ಗುರಿಯಾದನು. ಆ ಚಿತ್ರದಲ್ಲಿ ಜೋಡಣೆಯು ಎಲ್ಲರಿಗೂ ಕಾಣುತ್ತಿತ್ತು. ನೋಡಿದವರು ಅದನ್ನು ನಾಟಕವೆಂದು ತಿಳಿದೇ ನೋಡಿದರು. ಲ ಗ್ರೇಯ ಕಡಲಿನಲ್ಲಿ ಜೋಡಣೆಯು ಕಾಣದೆ ಹೋದುದೇ ವಿಶೇಷ. ಅವನ ಕೌಶಲವೂ ಅದೇ. ನಮ್ಮ ತೊಡಕೂ ಅದೇ.

ಈ ಪ್ರಶ್ನೆಯು ದೂರದ ಫ್ರಾನ್ಸಿಗೆ ಮಾತ್ರ ಸೇರಿದುದೆಂದು ನಾವು ಭಾವಿಸಬೇಕಾಗಿಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಲಿನೇಯಸ್ ಟ್ರೈಪ್ ಎಂಬಾತನು 1854ನೆಯ ಡಿಸೆಂಬರಿನಲ್ಲಿ ಹಳೇಬೀಡಿಗೂ ಬೇಲೂರಿಗೂ ಬಂದು ಹೊಯ್ಸಳ ದೇವಾಲಯಗಳನ್ನು ಚಿತ್ರಿಸಿದನು. ಆ ಚಿತ್ರಗಳು 1855ರ ಮದರಾಸಿನ ಪ್ರದರ್ಶನದಲ್ಲಿ ಮನ್ನಣೆಯನ್ನು ಪಡೆದುವು. ಒದ್ದೆಯ ಕೊಲೋಡಿಯನ್ ನಮ್ಮ ಬಿಸಿಲಿನಲ್ಲಿ ಬೇಗನೆ ಒಣಗುವುದರಿಂದ, ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಬಹುದಾದ ಕಾಗದದ ನೆಗೆಟಿವ್ ಇಲ್ಲಿ ಅನುಕೂಲವಾಗಿತ್ತು. ಮೇಣದ ಕಾಗದದ ಪದ್ಧತಿಯು ಹೀಗೆ ಭಾರತದಲ್ಲಿಯೂ ಬರ್ಮಾದಲ್ಲಿಯೂ ಬೇರೂರಿತು. ಟ್ರೈಪನಿಗೂ ಅದೇ ಬೋಳು ಆಕಾಶದ ಕಷ್ಟವು ಎದುರಾಯಿತು. ಆತನು ತನ್ನ ಬರ್ಮಾ ಮತ್ತು ದಕ್ಷಿಣ ಭಾರತದ ನೆಗೆಟಿವ್‌ಗಳ ಮೇಲೆ ಕೈಯಿಂದ ಬಣ್ಣ ಹಚ್ಚಿ ಮೋಡಗಳನ್ನು ಬರೆದಿದ್ದಾನೆ. ಗೋಪುರದ ಒಂದೊಂದು ಕಲ್ಲನ್ನೂ ನಿಷ್ಠೆಯಿಂದ ಹಿಡಿದ ಅದೇ ಹಾಳೆಯ ಮೇಲ್ಗಡೆ, ಎಂದೂ ಆಕಾಶದಲ್ಲಿ ತೇಲದ ಮೋಡಗಳಿವೆ.

ಇಂತಹ ಚಿತ್ರಗಳನ್ನು ಚರಿತ್ರೆಯ ಅಭ್ಯಾಸಿಗಳು ಏನು ಮಾಡಬೇಕು? ಮೋಡವು ಸುಳ್ಳೆಂದು ಗೋಪುರವನ್ನು ಎಸೆದುಬಿಡಬೇಕೆ? ಗೋಪುರವು ನಿಜವೆಂದು ಮೋಡವನ್ನೂ ನಂಬಬೇಕೆ? ಎರಡೂ ಸಲ್ಲದು. ತಾಮ್ರಶಾಸನವು ಕೈಗೆ ಬಂದಾಗ ವಿದ್ವಾಂಸರು ಅದರ ಲಿಪಿ ಯಾವ ಕಾಲದ್ದು, ಭಾಷೆ ಯಾವ ಕಾಲದ್ದು, ಹೇಳಿರುವ ತಿಥಿ ವಾರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ವಿಚಾರಿಸುತ್ತಾರೆ. ಶಾಸನದ ಒಂದು ಭಾಗವು ಆಮೇಲೆ ಸೇರಿದುದೆಂದು ಕಂಡರೆ ಆ ಭಾಗವನ್ನು ಬೇರ್ಪಡಿಸಿ, ಉಳಿದುದರಿಂದ ತಿಳಿಯಬಹುದಾದುದನ್ನು ತಿಳಿಯುತ್ತಾರೆ. ಸೇರಿಸಿದ ಭಾಗವನ್ನೂ ಬಿಸಾಡುವುದಿಲ್ಲ. ಸೇರಿಸಿದವರು ಯಾರು, ಯಾವ ಅಗತ್ಯದಿಂದ ಸೇರಿಸಿದರು ಎಂಬುದೂ ಚರಿತ್ರೆಯೇ. ಛಾಯಾಚಿತ್ರಕ್ಕೂ ಇದೇ ಪರೀಕ್ಷೆ ಬೇಕು. ನೀರಿನ ಹೊಳಪು ಯಾವ ದಿಕ್ಕಿನಿಂದ ಬಂದಿದೆ, ಮೋಡದ ಅಂಚಿನ ಬೆಳಕು ಯಾವ ದಿಕ್ಕಿನಿಂದ ಬಂದಿದೆ, ಇದೇ ಮೋಡವು ಇನ್ನೊಂದು ಚಿತ್ರದಲ್ಲಿಯೂ ಇದೆಯೇ, ಆ ಕಾಲದ ರಸಾಯನವು ಇಷ್ಟನ್ನು ಒಂದೇ ಸಲಕ್ಕೆ ಕಾಣಬಲ್ಲದಾಗಿತ್ತೆ—ಹೀಗೆ ಕೇಳುತ್ತಾ ಹೋಗಬೇಕು. ಆಗ ಸೆತ್‌ನ ಚಿತ್ರದಿಂದ 1857ರ ತೆರೆಯೊಂದು ಬಂಡೆಯ ಮೇಲೆ ಹೇಗೆ ಒಡೆಯಿತೆಂಬುದನ್ನು ನಿಸ್ಸಂಶಯವಾಗಿ ತಿಳಿಯಬಹುದು. ಆ ತೆರೆ ಒಡೆದ ಗಳಿಗೆಯಲ್ಲಿ ಆಕಾಶ ಹೇಗಿತ್ತೆಂಬುದನ್ನು ಮಾತ್ರ ಅದರಿಂದ ತಿಳಿಯಬಾರದು.

ಲ ಗ್ರೇಯ ಮುಂದಿನ ಕಥೆಯು ವಿಷಾದಕರ. ಪ್ಯಾರಿಸ್ಸಿನ ಕಪುಸಿನ್ ಬುಲ್ವಾರಿನಲ್ಲಿ ಧನಿಕರ ಬಂಡವಾಳದಿಂದ ಆತನು ತೆರೆದ ವೈಭವದ ಚಿತ್ರಶಾಲೆಯು ಬಹುಕಾಲ ನಡೆಯಲಿಲ್ಲ. ದಿಸ್ದೇರಿ ಎಂಬಾತನು 1854ರಲ್ಲಿ ಹಕ್ಕು ಪಡೆದಿದ್ದ, ಭೇಟಿಚೀಟಿಯಷ್ಟು ಚಿಕ್ಕದಾದ ಅಗ್ಗದ ಭಾವಚಿತ್ರಗಳ ಹುಚ್ಚು ಆಗ ನಗರಕ್ಕೆಲ್ಲ ಹಿಡಿದಿತ್ತು. ದೊಡ್ಡ ಗಾಜಿನ ಮೇಲೆ ದುಬಾರಿಯ ಕಡಲನ್ನು ಬರೆಯುವವನಿಗೆ ಅಂಗಡಿಯ ಬಾಡಿಗೆ ಹುಟ್ಟಲಿಲ್ಲ. 1860ರಲ್ಲಿ ಸಾಲಗಳನ್ನೂ ಸಂಸಾರವನ್ನೂ ಹಿಂದೆ ಬಿಟ್ಟು, ಕಾದಂಬರಿಕಾರ ದ್ಯೂಮಾನ ನೌಕೆಯನ್ನು ಹತ್ತಿ ಹೊರಟನು. ಪಲೆರ್ಮೋ ನಗರದಲ್ಲಿ ಗ್ಯಾರಿಬಾಲ್ಡಿಯ ಚಿತ್ರವನ್ನು ತೆಗೆದನು. ಮಾಲ್ಟಾದಲ್ಲಿ ಪ್ರಯಾಣದ ಗೆಳೆತನವು ಮುರಿಯಿತು. ಅಲ್ಲಿಂದ ಸಿರಿಯಾ ಸೀಮೆ, ಅಲೆಗ್ಸಾಂಡ್ರಿಯ, ಕೈರೋ ಎಂದು ಅಲೆದು, ಕೊನೆಗೆ ಕೈರೋದಲ್ಲಿ ಚಿತ್ರಕಲೆಯ ಉಪಾಧ್ಯಾಯನಾಗಿ ಹೊಟ್ಟೆಹೊರೆದುಕೊಂಡು, ಫ್ರಾನ್ಸನ್ನು ಮತ್ತೆ ಕಾಣದೆ 1884ರಲ್ಲಿ ಮೃತನಾದನು.

ಆತನು ಬಿಟ್ಟುಹೋದ ಕಟ್ಟಡದಲ್ಲಿಯೇ ನಾದಾರ್ ಎಂಬ ಛಾಯಾಚಿತ್ರಕಾರನ ಕೋಣೆಗಳಲ್ಲಿ 1874ರಲ್ಲಿ ಮೊನೆ ಮುಂತಾದ ತರುಣ ಚಿತ್ರಗಾರರು ತಮ್ಮ ಮೊದಲ ಪ್ರದರ್ಶನವನ್ನು ಏರ್ಪಡಿಸಿದರು. ಮಂಜು ಮುಸುಕಿದ ರೇವಿನಲ್ಲಿ ಸೂರ್ಯ ಹುಟ್ಟುವ ಮೊನೆಯ ಚಿತ್ರವನ್ನು ಕಂಡು ಜನರು ನಕ್ಕುದು ಅಲ್ಲಿಯೇ. ಅದಕ್ಕೂ ಮೊದಲು 1869ರಲ್ಲಿ ಗುಸ್ತಾವ್ ಕೂರ್ಬೆಯು ಎತ್ರತಾ ತೀರದಲ್ಲಿ ಕುಳಿತು ಬಿರುಗಾಳಿಯ ಕಡಲನ್ನು ಬರೆದಿದ್ದನು. ತೆರೆಯನ್ನೇ ನಾಯಕನನ್ನಾಗಿ ಮಾಡುವ ಧೈರ್ಯವನ್ನು ಗಾಜಿನ ಫಲಕವು ಅದಕ್ಕಿಂತ ಹನ್ನೆರಡು ವರ್ಷ ಹಿಂದೆಯೇ ತೋರಿಸಿತ್ತು. ಬದುಕಿದ್ದಾಗ ಸಾಲಗಾರರಿಗೆ ಅಂಜಿ ಓಡಿದವನ ‘ಮಹಾ ತರಂಗ’ದ ಒಂದು ಪ್ರತಿಯು 1999ರಲ್ಲಿ ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ಪೌಂಡುಗಳನ್ನು ಮೀರಿದ ಬೆಲೆಗೆ ಹೋಯಿತು. ಅದುವರೆಗೆ ಯಾವ ಛಾಯಾಚಿತ್ರಕ್ಕೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ.

ವಿದ್ಯೆಯು ಅಲ್ಲಿಗೇ ನಿಲ್ಲಲಿಲ್ಲ. 1871ರಲ್ಲಿ ಮ್ಯಾಡಕ್ಸ್ ಎಂಬ ವೈದ್ಯನು ಜೆಲಟಿನ್ ಸವರಿದ ಒಣ ಫಲಕಗಳಿಗೆ ದಾರಿ ತೋರಿಸಿ ಡೇರೆಯ ಕಷ್ಟವನ್ನು ತಪ್ಪಿಸಿದನು. 1873ರಲ್ಲಿ ಜರ್ಮನಿಯ ಫೋಗೆಲ್ ಎಂಬಾತನು ಫಲಕಕ್ಕೆ ಕೆಲವು ಬಣ್ಣದ ದ್ರವ್ಯಗಳನ್ನು ಬೆರೆಸಿದರೆ ಅದು ಹಸುರು ಹಳದಿಗಳನ್ನೂ ಕಾಣಬಲ್ಲದೆಂದು ತೋರಿಸಿದನು. 1906ರ ಹೊತ್ತಿಗೆ ಕೆಂಪನ್ನೂ ಗ್ರಹಿಸುವ ಫಲಕಗಳು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದುವು. ಅಲ್ಲಿಂದ ಮುಂದೆ ಮಸೂರದ ಮುಂದೆ ಹಳದಿಯ ಅಥವಾ ಕೆಂಪಿನ ಗಾಜನ್ನು ಹಿಡಿದು ನೀಲಿಯನ್ನು ತಡೆದರೆ ಮೋಡಗಳು ಒಂದೇ ಫಲಕದಲ್ಲಿ ಕಣ್ಣಿಗೆ ಕಂಡುದಕ್ಕಿಂತಲೂ ಗಂಭೀರವಾಗಿ ಮೂಡತೊಡಗಿದುವು. ಕೆಂಪು ಗಾಜಿನ ಹಿಂದೆ ಸಾಧಾರಣವಾದ ನೀಲಿ ಆಕಾಶವೂ ಬಿರುಗಾಳಿಯ ಹಿಂದಿನ ಕಾರ್ಗತ್ತಲೆಯಂತೆ ತೋರುತ್ತದೆ. ಎರಡು ಗಾಜಿನ ಹೊಲಿಗೆ ತಪ್ಪಿತು. ಆದರೆ ಸಾಕ್ಷಿಯ ಕಣ್ಣಿಗೆ ಕನ್ನಡಕ ಬಂದಿತು.

ಇಂದು ಈ ವಿಷಯವು ಎಲ್ಲರ ಜೇಬಿಗೂ ಬಂದಿದೆ. ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿರುವ ಕ್ಯಾಮರಾವು ಒಂದು ಗುಂಡಿಯನ್ನು ಮುಟ್ಟಿದರೆ ಹಲವು ಚಿತ್ರಗಳನ್ನು ಥಟ್ಟನೆ ತೆಗೆದು, ಬೆಳಕಿನ ಭಾಗವನ್ನು ಒಂದರಿಂದಲೂ ನೆರಳಿನ ಭಾಗವನ್ನು ಇನ್ನೊಂದರಿಂದಲೂ ಆರಿಸಿ, ತಾನೇ ಹೊಲಿದು ಕೊಡುತ್ತದೆ. ಸೆತ್‌ನಲ್ಲಿ ಲ ಗ್ರೇ ಬೆವರು ಸುರಿಸಿ ಮಾಡಿದ ಕೆಲಸವನ್ನು ಅದು ನಮಗೆ ಹೇಳದೆಯೇ ಮಾಡಿ ಮುಗಿಸುತ್ತದೆ. ಇತ್ತ ಕಪ್ಪು ಬಿಳುಪಿನ ಕಡಲನ್ನು ಮೆಚ್ಚುವ ಕೆಲವು ಛಾಯಾಚಿತ್ರಕಾರರು ಮಸೂರಕ್ಕೆ ಕಪ್ಪು ಗಾಜನ್ನು ಅಡ್ಡವಿಟ್ಟು, ಬಹಳ ಹೊತ್ತು ಬೆಳಕು ಬಿಟ್ಟು, ಮೊರೆಯುವ ತೆರೆಗಳನ್ನೆಲ್ಲ ಬೇಕೆಂದೇ ಮಂಜಿನಂತೆ ಮಾಡುತ್ತಾರೆ. ಡಾಗೇರನ ಕಾಲದಲ್ಲಿ ತಪ್ಪಿಸಲಾಗದ ಕೊರತೆಯಾಗಿದ್ದುದು ಈಗ ಒಂದು ರುಚಿಯಾಗಿದೆ. ಇವುಗಳಲ್ಲಿ ತಪ್ಪೇನೂ ಇಲ್ಲ. ನೋಡುವವನು ತಾನು ನೋಡುತ್ತಿರುವುದು ಏನೆಂದು ಅರಿತಿದ್ದರೆ ಸಾಕು.

ಸಾಕ್ಷಿಯನ್ನು ನಂಬುವುದಕ್ಕೆ ಮೊದಲು, ಅವನು ಎಲ್ಲಿ ನಿಂತು ನೋಡಿದನು, ಎಷ್ಟು ಹೊತ್ತು ನೋಡಿದನು, ಅವನ ಕಣ್ಣಿಗೆ ಯಾವ ಬಣ್ಣ ಕಾಣುತ್ತಿರಲಿಲ್ಲ ಎಂದು ಕೇಳುವುದು ನ್ಯಾಯಸ್ಥಾನದ ಮರ್ಯಾದೆ. ಚರಿತ್ರೆಗೂ ಅದೇ ಮರ್ಯಾದೆ. ಹೀಗೆ ಕೇಳಿಸಿಕೊಂಡ ಮೇಲೂ ಲ ಗ್ರೇಯ ತೆರೆಯು ಕುಗ್ಗುವುದಿಲ್ಲ. ಅದರ ನೊರೆಯ ಒಂದೊಂದು ಹರಕೂ 1857ರಲ್ಲಿ ಸೆತ್‌ನ ಬಂಡೆಗಳ ಮೇಲೆ 'ಹೀಗೆಯೇ ಇದ್ದೆ' ಎಂದು ಇಂದಿಗೂ ಹೇಳುತ್ತಿದೆ. ಅದರ ಮೇಲಿನ ಮೋಡವು, ಅಂತಹ ಕಡಲನ್ನು ಪೂರ್ತಿಯಾಗಿ ಕಾಣಬೇಕೆಂದು ಮನುಷ್ಯನೊಬ್ಬನು ಎಷ್ಟು ಹಂಬಲಿಸಿದನೆಂಬುದನ್ನು ಹೇಳುತ್ತಿದೆ.